ಮಾವನವರ ಪುಂಡು ಕ್ರಿಯಾಪದಗಳು

ನಮ್ಮ ಮಾವನವರಿಗೆ ಇಟಲಿ ಭಾಷೆಯ ಹುಚ್ಚಿದೆ ಎಂದು ಮದುವೆಗೆ ಮುಂಚೆ ಯಾರೂ ನನಗೆ ಹೇಳಿರಲಿಲ್ಲ. ಹುಡುಗನಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ, ಶಿಕಾರಿಪುರದಲ್ಲಿ ಸ್ವಂತ ಮನೆ, ಅತ್ತೆಯ ಬಾಯಿ ಸ್ವಲ್ಪ ಜೋರು. ಸೊರಬದ ನಮ್ಮ ಮನೆಗೆ ಬಂದ ಸುದ್ದಿ ಇಷ್ಟೇ. ಮಾವನವರ ಬಗ್ಗೆ ಕೇಳಿದಾಗ ‘ರಿಟೈರಾದ ಕಾಂಪೌಂಡರು, ಸಾಧು ಮನುಷ್ಯ’ ಎಂದಿದ್ದರು. ಅದು ಅರ್ಧ ನಿಜ.

ಬಂದು ಮೂರನೇ ವಾರವಿರಬೇಕು. ಅಡುಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದೆ. ನಡುಮನೆಯಿಂದ ಮಾವನವರ ದನಿ ಕೇಳಿತು: “ವಾದೊ, ವಾಯ್, ವಾ...” ಅಲ್ಲಿಗೆ ನಿಂತಿತು. ಮತ್ತೆ ಮೊದಲಿಂದ, “ವಾದೊ, ವಾಯ್, ವಾ...” ಮತ್ತೆ ನಿಂತಿತು. ಇವರಿಗೆ ಏನೋ ಆಗಿಹೋಯಿತು ಎಂದು ರುಬ್ಬುವುದು ಬಿಟ್ಟು ಎದ್ದೆ. ಅತ್ತೆ ಸೌತೆಕಾಯಿ ಹೆಚ್ಚುತ್ತಾ ಕೂತಿದ್ದರು. ತಲೆಯನ್ನೂ ಎತ್ತದೆ, “ಅದು ದಿನಾ ಇದ್ದದ್ದೇ. ಇಟಲಿ. ನೀನು ರುಬ್ಬು,” ಎಂದರು.

ಸಂಗತಿ ಏನೆಂದು ಅತ್ತೆಯೇ ಆಮೇಲೆ ಹೇಳಿದರು. ಯುದ್ಧದ ಕಾಲದಲ್ಲಿ ಮಾವನವರು ಬೆಂಗಳೂರಿನ ಹೊರಗೆ ಇಟಲಿ ಸಿಪಾಯಿಗಳನ್ನು ಸೆರೆ ಇಟ್ಟಿದ್ದ ಶಿಬಿರದ ಆಸ್ಪತ್ರೆಯಲ್ಲಿ ಔಷಧಿ ಬೆರೆಸುವ ಕೆಲಸದಲ್ಲಿದ್ದರು. ಅಲ್ಲಿ ವಿಷಮಶೀತ ಜ್ವರದಿಂದ ಮಲಗಿದ್ದ ಒಬ್ಬ ಸೆರೆಯಾಳಿಗೂ ಇವರಿಗೂ ಗೆಳೆತನವಾಯಿತು. ಯುದ್ಧ ಮುಗಿದು ಅವನು ಊರಿಗೆ ಹೊರಟಾಗ ವಿಳಾಸದ ಚೀಟಿ ಕೊಟ್ಟ. ಇವರು ‘ನಿನ್ನ ಭಾಷೆಯಲ್ಲೇ ನಿನಗೆ ಕಾಗದ ಬರೆಯುತ್ತೇನೆ, ನೋಡ್ತಿರು’ ಎಂದು ಮಾತು ಕೊಟ್ಟರು. ಶಿಬಿರ ಮುಚ್ಚುವಾಗ ಇಂಗ್ಲಿಷಿನಲ್ಲಿ ಇಟಲಿ ಕಲಿಸುವ ಒಂದು ವ್ಯಾಕರಣದ ಪುಸ್ತಕವನ್ನೂ ತಂದುಕೊಂಡರು. ಅದಾಗಿ ಹನ್ನೆರಡು ವರ್ಷ. ಕಾಗದ ಮಾತ್ರ ಇನ್ನೂ ಹೋಗಿರಲಿಲ್ಲ.

“ಯಾಕತ್ತೆ?” ಎಂದೆ.

“ಇನ್ನೂ ಸರಿಯಾಗಿ ಬಂದಿಲ್ವಂತೆ. ಇವರಿಗೆ ಸರಿಯಾಗಿ ಬರೋ ಹೊತ್ತಿಗೆ ಅವನು ಇರ್ತಾನೋ ಇವರೇ ಇರ್ತಾರೋ!”

ನಾನು ಸೊರಬದಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿದ್ದೆ. ಆ ವರ್ಷ ಮಾವನವರ ಎರಡು ಕಣ್ಣಿಗೂ ಪೊರೆ ಬರತೊಡಗಿತ್ತು. ಪುಸ್ತಕದ ಸಣ್ಣ ಅಕ್ಷರ ಕಾಣದೆ ಒದ್ದಾಡುತ್ತಿದ್ದರು. ಗಂಡನಿಗೆ ಕಚೇರಿ ಬಿಟ್ಟರೆ ಇಸ್ಪೀಟಾಟ. ಹೀಗಾಗಿ ಇಟಲಿ ನನ್ನ ಕೊರಳಿಗೆ ಬಿತ್ತು. ಆಗ ನಮ್ಮಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಕುರ್ಚಿಯನ್ನು ಅಡುಗೆಮನೆ ಬಾಗಿಲ ಪಕ್ಕಕ್ಕೆ ತಂದು ಗೋಡೆಗೆ ಬೆನ್ನು ಕೊಟ್ಟು ಕೂರುವುದು, ನಾನು ಒಳಗಿನಿಂದ ಪುಸ್ತಕ ನೋಡಿ ಓದುವುದು, ಅವರು ಅಲ್ಲಿಂದ ಹೇಳುವುದು. ಪುಸ್ತಕ ಬೇಕೆಂದರೆ ಅತ್ತೆಯ ಕೈಯಲ್ಲಿ ಹೋಗಬೇಕು, ಅತ್ತೆಯ ಕೈಯಲ್ಲೇ ಬರಬೇಕು. “ಈ ವಯಸ್ಸಿನಲ್ಲಿ ನನ್ನನ್ನ ಜವಾನ ಮಾಡಿದ್ರಿ,” ಎಂದು ಅವರು ದಿನಕ್ಕೆ ನಾಲ್ಕು ಸಲ ರೇಗುತ್ತಿದ್ದರು.

ಇಟಲಿ ಭಾಷೆಯಲ್ಲಿ ಕ್ರಿಯಾಪದ ಎರಡು ಜಾತಿ ಎಂದು ಮಾವನವರು ಮೊದಲ ದಿನವೇ ಹೇಳಿದರು. ಹೇಳಿದಂತೆ ಕೇಳುವ ಸಾಧುಗಳು, ಕೇಳದ ಪುಂಡುಗಳು. “ಸಾಧು ಅಂದ್ರೆ ಸೀಸೆ ಮೇಲಿನ ಚೀಟಿ ಓದಿದ್ರೆ ಒಳಗೇನಿದೆ ಗೊತ್ತಾಗುತ್ತೆ ತಾಯಿ. ಪುಂಡಿಂದು ಹಂಗಲ್ಲ. ಚೀಟಿ ಒಂದು, ಒಳಗಿರೋದು ಇನ್ನೊಂದು.” ಹೋಗುವುದು ಎಂಬುದಕ್ಕೆ ಪುಸ್ತಕದಲ್ಲಿ ‘ಅಂದಾರೆ’ ಎಂದಿತ್ತು. ನಾನು ಹೋಗುತ್ತೇನೆ ಎನ್ನಲು ‘ವಾದೊ’. ನಾವು ಹೋಗುತ್ತೇವೆ ಎಂದರೆ ಮತ್ತೆ ‘ಅಂದಿಯಾಮೊ’. ಅವರು ದಿನಾ ಎಡವುತ್ತಿದ್ದದ್ದು ಅಲ್ಲೇ. ನನಗೆ ರುಬ್ಬುವ ಕಲ್ಲಿನ ಸುತ್ತಿಗೆ ಸರಿಯಾಗಿ ಬಾಯಿಪಾಠವಾಗಿಬಿಟ್ಟಿತು: ವಾದೊ, ವಾಯ್, ವಾ, ಅಂದಿಯಾಮೊ, ಅಂದಾತೆ, ವಾನ್ನೊ. ಒಂದು ಸುತ್ತಿಗೆ ಒಂದು. ಒಂದು ಹಿಟ್ಟು ಮುಗಿಯುವಷ್ಟರಲ್ಲಿ ಒಂದು ಪುಂಡು ನನ್ನ ಕೈಗೆ ಬರುತ್ತಿತ್ತು.

ಒಂದು ದಿನ ಧೈರ್ಯ ಮಾಡಿ ಒಳಗಿನಿಂದಲೇ ಅಂದೆ, “ಮಾವ, ನಮ್ಮಲ್ಲೂ ಪುಂಡುಗಳಿದಾವಲ್ಲ. ಮಾಡು, ಮಾಡಿದ ಅಂತೀವಿ. ಹೋಗು ಅಂದ್ರೆ ಹೋಗಿದ ಅಂತೀವಾ? ಹೋದ. ಕೊಡು, ಕೊಟ್ಟ. ಬೀಳು, ಬಿದ್ದ.”

ಹೊರಗೆ ಮಾವನವರು ಕುರ್ಚಿ ಕಿರುಗುಟ್ಟುವಷ್ಟು ಜೋರಾಗಿ ನಕ್ಕರು. “ಏನೇ ಇವಳೇ, ಕೇಳಿಸ್ಕೊಂಡ್ಯಾ? ನಿನ್ನ ಸೊಸೆ ನನಗಿಂತ ಮುಂದೆ ಹೋದ್ಲು,” ಎಂದು ಅತ್ತೆಗೆ ಕೂಗಿ ಹೇಳಿದರು. ಆ ಮನೆಯಲ್ಲಿ ನನಗೆ ಮೊದಲು ಹತ್ತಿರವಾದವರು ಅವರೇ ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಗಂಡನ ಮೇಲೆ ಪ್ರೀತಿ ಬಂದದ್ದು ಆಮೇಲೆ.

ಆದರೆ ನನ್ನದು ಹುಟ್ಟಾ ಮುಂಗೋಪ. ವರ್ತಮಾನ ಮುಗಿಯಿತು, ಭೂತಕಾಲ ಮುಗಿಯಿತು, ಆಗಿದ್ದರೆ, ಹೋಗಿದ್ದರೆ, ಬಂದೀತು ಎನ್ನುವ ಸಂಶಯದ ರೂಪಗಳೂ ಅರ್ಧಕ್ಕೆ ಬಂದವು, ಕಾಗದ ಮಾತ್ರ ಅಲ್ಲೇ. ನಾಲ್ಕು ಸಾಲು ಬರೆಸುವುದು, ಒಂದು ಪದದಲ್ಲಿ ಅನುಮಾನ ಬಂದೊಡನೆ ಹರಿದುಹಾಕುವುದು. “ಔಷಧಿಯಲ್ಲಿ ಒಂದು ಹನಿ ಹೆಚ್ಚಾದ್ರೆ ವಿಷ ತಾಯಿ. ತಪ್ಪು ಕಾಗದ ಕಳಿಸೋಕಿಂತ ಕಳಿಸದೇ ಇರೋದು ವಾಸಿ,” ಎನ್ನುತ್ತಿದ್ದರು. ಅಲ್ಲೊಬ್ಬ ಮನುಷ್ಯ ಹನ್ನೆರಡು ವರ್ಷದಿಂದ ದಾರಿ ನೋಡುತ್ತಿರಬಹುದು, ಇಷ್ಟರಲ್ಲಿ ಸತ್ತೇ ಹೋದರೆ ಯಾರಿಗೆ ಕೊಡುತ್ತೀರಿ ಈ ವ್ಯಾಕರಣ? ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದೆ.

ಕಾಗದದಲ್ಲಿ ಏನಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಶಿಬಿರದಲ್ಲಿದ್ದಾಗ ಮಾವನವರ ತಾಯಿ ಶಿಕಾರಿಪುರದಲ್ಲಿ ತೀರಿಕೊಂಡರು. ತಂತಿ ಬಂತು, ರಜೆ ಸಿಗಲಿಲ್ಲ. ಎರಡು ದಿನ ಅನ್ನ ನೀರು ಬಿಟ್ಟು ಔಷಧಿ ಕೋಣೆಯಲ್ಲಿ ಕೂತಿದ್ದರಂತೆ. ಮೂರನೇ ದಿನ ಆ ಸೆರೆಯಾಳು ಜ್ವರದಿಂದ ಎದ್ದ ಕಾಲಿನಲ್ಲಿ ಗೋಡೆ ಹಿಡಿದು ನಡೆದು ಬಂದು, ತನಗೆ ಕೊಟ್ಟಿದ್ದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ತುತ್ತು ಮಾಡಿ ಇವರ ಬಾಯಿಗಿಟ್ಟ. ಸೂತಕದಲ್ಲಿ, ಪರದೇಶದವನ ಕೈತುತ್ತು! ಅತ್ತೆಗೆ ಗೊತ್ತಾಗಿದ್ದರೆ ರಂಪವಾಗುತ್ತಿತ್ತು. ಕಾಗದ ಇಟಲಿ ಭಾಷೆಯಲ್ಲಿ ಇದ್ದದ್ದರಿಂದ ಮಾವನವರು ಬಚಾವಾದರು. ‘ಅವತ್ತು ನೀನು ನನಗೆ ಉಣ್ಣಿಸಿದೆ. ನೀನು ಅಲ್ಲಿ ಇಲ್ಲದೇ ಹೋಗಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ.’ ಅವರು ಹೇಳಬೇಕಾಗಿದ್ದದ್ದು ಇಷ್ಟೇ. ಎರಡನೇ ವಾಕ್ಯದಲ್ಲಿ ಎರಡು ಪುಂಡುಗಳಿದ್ದವು. ನಾನು ಚೊಕ್ಕವಾಗಿ ಬರೆದ ಪ್ರತಿಯಲ್ಲೂ ಆ ಎರಡು ಜಾಗವನ್ನು ಖಾಲಿ ಬಿಡಿಸಿದರು. ಆಮೇಲೆ ತುಂಬಿದರಾಯಿತು ಎಂದರು.

ಆ ಸಲದ ಗೌರಿ ಹಬ್ಬಕ್ಕೆ ನಾನು ತವರಿಗೆ ಹೊರಟೆ. ಹೊರಡುವ ಮುಂಚೆ ಆ ಕಾಗದದ ಇನ್ನೊಂದು ಪ್ರತಿ ಮಾಡಿ, ವಿಳಾಸ ಗೀಚಿಕೊಂಡು, ಕುಪ್ಪಸದೊಳಗೆ ಸೇರಿಸಿಕೊಂಡಿದ್ದೆ. ಶಿಕಾರಿಪುರದಲ್ಲಿ ಅಂಚೆಗೆ ಹಾಕಿದರೆ ನಾನು ಮನೆ ಸೇರುವಷ್ಟರಲ್ಲಿ ಮಾವನವರಿಗೆ ಸುದ್ದಿ ಮುಟ್ಟುತ್ತಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಲು ಕಾಯುತ್ತಾ ಕೂತಾಗ ಸಂತೆಯ ಗದ್ದಲದ ನಡುವೆ ಟ್ರಂಕಿನ ಮೇಲೆ ಕಾಗದ ಇಟ್ಟುಕೊಂಡು ಆ ಎರಡು ಖಾಲಿ ಜಾಗಗಳನ್ನು ನಾನೇ ತುಂಬಿದೆ. ಸರಿಯೋ ತಪ್ಪೋ ಗೊತ್ತಿಲ್ಲ. ಅವಸರದಲ್ಲಿ ಮಸಿಯೂ ಹರಡಿತು.

ಸೊರಬದ ಅಂಚೆಯವರು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾವುದೋ ದಪ್ಪ ಪುಸ್ತಕ ತೆಗೆದು ಬಹಳ ಹೊತ್ತು ಹುಡುಕಿದರು.

“ಅಲ್ಲಿ ಯಾರಿದಾರಮ್ಮ ನಿಮ್ಮೋರು?”

“ನಮ್ಮ ಮಾವನೋರ ಸ್ನೇಹಿತರು,” ಎಂದೆ. ಹೇಳುವಾಗ ಹೆಮ್ಮೆಯಾಯಿತು. ಹೊರಗೆ ಬಂದ ಮೇಲೆ ಹೆದರಿಕೆ ಶುರುವಾಯಿತು.

ಹಬ್ಬ ಮುಗಿಸಿ ಹಿಂದಿರುಗಿದ ದಿನವೇ ಬಾಗಿಲ ಮರೆಯಿಂದ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮಾವನವರು ಬೈಯಲಿಲ್ಲ. “ಏನಂತ ತುಂಬಿದೆ?” ಎಂದು ಕೇಳಿದರು. ಹೇಳಿದೆ. “ಅದು ಸರಿ ಅಂತ ನಿನಗೆ ಗೊತ್ತಾ?” ಗೊತ್ತಿಲ್ಲ ಎಂದೆ. “ಆ ಮನುಷ್ಯನ ಮುಂದೆ ನನ್ನನ್ನ ನಗೆಪಾಟಲು ಮಾಡಿದೆ,” ಎಂದವರೇ ಕುರ್ಚಿ ಎತ್ತಿಕೊಂಡು ಜಗಲಿಗೆ ಹೋದರು. ಅವತ್ತಿನಿಂದ ಪಾಠ ನಿಂತಿತು. ಅತ್ತೆ ಎರಡು ದಿನ ಹಾಯಾಗಿದ್ದರು. ಮೂರನೇ ದಿನ ಅವರೇ, “ಮನೆ ಬಿಕೋ ಅನ್ನುತ್ತಲ್ಲೇ,” ಎಂದರು. ನಾನು ರುಬ್ಬುತ್ತಾ ಒಬ್ಬಳೇ ಗುನುಗಿಕೊಂಡು ಅಳುತ್ತಿದ್ದೆ. ಮಾಡಿದ್ದು ತಪ್ಪು ಎಂದು ಮಾತ್ರ ಒಂದು ದಿನವೂ ಅನ್ನಿಸಲಿಲ್ಲ.

ಕಾರ್ತಿಕ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಚೆಯವನು ಬಂದ. ಲಕೋಟೆಯನ್ನು ಕೈಯಲ್ಲಿ ಹಿಡಿದು ಮಾವನವರು ಬೆಳಕಿಗೆ ಒಡ್ಡಿದರು, ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಏನೂ ಕಾಣಲಿಲ್ಲ. ಮೂರು ತಿಂಗಳಿಂದ ನನ್ನ ಹತ್ತಿರ ಮಾತು ಬಿಟ್ಟವರು ಕೊನೆಗೆ ಅಡುಗೆಮನೆ ಬಾಗಿಲಿಗೆ ಬಂದು ಕೈ ಒಳಗೆ ಚಾಚಿದರು. “ಓದು,” ಎಂದರು. ಅಷ್ಟೇ.

ಮಕ್ಕಳ ಕೈಬರಹ. ದುಂಡು ದುಂಡು ಅಕ್ಷರ. ಒಂದೊಂದೇ ಸಾಲು ಓದಿ, ಇಬ್ಬರೂ ಸೇರಿ ಅರ್ಥ ಮಾಡಿಕೊಂಡು, ತಿಳಿಯದ್ದಕ್ಕೆ ಪುಸ್ತಕ ತೆಗೆದು, ಮುಗಿಯುವ ಹೊತ್ತಿಗೆ ಕಾಫಿಯ ಸಮಯವಾಗಿತ್ತು. ಕನ್ನಡದಲ್ಲಿ ಅದು ಹೀಗಿತ್ತು:

‘ಮಾನ್ಯರೇ, ನನಗೆ ಹನ್ನೊಂದು ವರ್ಷ. ಅಪ್ಪನ ಪರವಾಗಿ ನಾನು ಬರೆಯುತ್ತಿದ್ದೇನೆ. ಅಪ್ಪನಿಗೆ ಓದು ಬರಹ ಬರುವುದಿಲ್ಲ. ವಿಳಾಸದ ಚೀಟಿಯನ್ನು ಅವರು ಶಿಬಿರದಲ್ಲಿ ಬೇರೆಯವರಿಂದ ಬರೆಸಿದ್ದರಂತೆ. ನೀವು ಔಷಧಿ ತಿಳಿದ ವಿದ್ಯಾವಂತರು, ನಿಮಗೆ ಇದನ್ನು ಹೇಳಲು ಆಗ ನಾಚಿಕೆಯಾಯಿತಂತೆ. ನಿಮ್ಮ ಕಾಗದ ಬರುತ್ತದೆ ಎಂದು ನನ್ನನ್ನು ಶಾಲೆಗೆ ಹಾಕಿದಾಗಿನಿಂದ ಹೇಳುತ್ತಲೇ ಇದ್ದರು. ಬಂದ ದಿನ ಮೂರು ಸಲ ಓದಿಸಿಕೊಂಡರು. ಅವರು ಒಂದು ಮಾತು ಕೇಳಲು ಹೇಳಿದ್ದಾರೆ. ಆಮೇಲೆ ನೀವು ದಿನಾ ಊಟ ಮಾಡಿದಿರಾ?’

ಓದಿ ತಲೆ ಎತ್ತಿದೆ. ಮಾವನವರು ಗೋಡೆಗೆ ಒರಗಿ ಕೂತು, ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡಿದ್ದರು. ಅತ್ತೆ ಗಾಬರಿಯಾಗಿ, “ಏನ್ರೀ ಅದು? ಸತ್ರಾ ಅವರು?” ಎಂದರು.

“ಇಲ್ಲ ಕಣೇ. ಇದಾನೆ,” ಎಂದರು ಮಾವ. ಮುಖ ಒರೆಸಿಕೊಂಡು, “ಪೆನ್ನು ಕಾಗದ ತಗೋ ತಾಯಿ,” ಎಂದು ಹೇಳತೊಡಗಿದರು. ನಾನು ಬರೆಯುತ್ತಾ ಹೋದೆ. ಹರುಕು ಮುರುಕು ಇಟಲಿ, ನಡುನಡುವೆ ಇಂಗ್ಲಿಷು. ಊಟ ಮಾಡುತ್ತಿದ್ದೇನೆ, ಮನೆಯಲ್ಲಿ ಹೆಂಡತಿ ಇದ್ದಾಳೆ, ಸೊಸೆ ಬಂದಿದ್ದಾಳೆ. ಮೂರನೇ ಸಾಲಿಗೆ ನನ್ನ ಕೈ ನಿಂತಿತು.

“ಮಾವ, ಇಲ್ಲಿ ಯಾವ ರೂಪ ಹಾಕ್ಬೇಕು?”

“ಬಾಯಿಗೆ ಬಂದದ್ದು ಹಾಕು. ಹನ್ನೆರಡು ವರ್ಷ ಆ ಮನುಷ್ಯ ನಾನು ಉಂಡ್ನೋ ಇಲ್ವೋ ಅಂತ ಯೋಚನೆ ಮಾಡ್ಕೊಂಡು ಕೂತಿದಾನೆ. ತಪ್ಪಿದ್ರೆ ಇರ್ಲಿ. ಇವತ್ತಿನ ಟಪಾಲಿಗೇ ಹೋಗ್ಬೇಕು, ಬೇಗ ಬರಿ.”

ನಾನು ಬರೆದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.