ಗೊತ್ತಿದ್ದವರು ಮುಟ್ಟಬಾರದು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷವಿದೆ. ಶಾಲೆಯ ಕಾವಲುಗಾರ ಕಣ್ಣುಜ್ಜಿಕೊಳ್ಳುತ್ತಾ ಬಂದು ಮೇನ್ ಸ್ವಿಚ್ ಮೇಲೆತ್ತುತ್ತಾನೆ. ರಾತ್ರಿ ಹೊತ್ತು ಕಟ್ಟಡದಲ್ಲಿ ಕರೆಂಟ್ ಇರಕೂಡದೆಂಬುದು ಇಲ್ಲಿಯ ನಿಯಮ. ಮೆಟ್ಟಿಲ ಮೇಲೆ ಕೂತು ಅದನ್ನೇ ಕಾಯುತ್ತಿದ್ದ ಹೆಂಗಸು ಎದ್ದು, ಮೊದಲ ಮಹಡಿಯ ಕೊನೆಯ ಕೋಣೆಯ ಬೀಗ ತೆಗೆಯುತ್ತಾರೆ. ಕಬ್ಬಿಣದ ಬೀರುವಿನಿಂದ ಹನ್ನೊಂದು ಟ್ಯಾಬ್‌ಗಳು ಒಂದೊಂದಾಗಿ ಮೇಜಿಗೆ ಬರುತ್ತವೆ. ಪ್ರತಿಯೊಂದರ ಬೆನ್ನಿಗೂ ಒಂದು ಬಿಳಿ ಪಟ್ಟಿ, ಅದರ ಮೇಲೆ ಅಂಕಿ. ಗೋಡೆಯ ಪ್ಲಗ್‌ಬೋರ್ಡಿನಲ್ಲಿರುವುದು ಆರೇ ಪಾಯಿಂಟು. ಮೊದಲ ಸರದಿಗೆ ಆರು, ಏಳೂಮುಕ್ಕಾಲಿಗೆ ಉಳಿದ ಐದು. ಒಂಬತ್ತೂವರೆಗೆ ಮೊದಲ ಪೀರಿಯಡ್.

“ಬ್ಯಾಟರಿಗಳಿಗೆ ವಯಸ್ಸಾಗಿದೆ. ಅವಸರ ಮಾಡಿದ್ರೆ ಬಿಸಿಯಾಗಿ ಮುನಿಸ್ಕೊಳ್ತವೆ,” ಎನ್ನುತ್ತಾ ಮೂರನೇ ನಂಬರಿನದನ್ನು ಕೈಗೆತ್ತಿಕೊಳ್ಳುತ್ತಾರೆ. “ಇದಕ್ಕೆ ವೈರು ಸ್ವಲ್ಪ ಓರೆಯಾಗಿ ಚುಚ್ಬೇಕು. ನೆಟ್ಟಗೆ ಚುಚ್ಚಿದ್ರೆ ಹತ್ತೋದೇ ಇಲ್ಲ. ನಮ್ಮ ಮನೆಯವರ ಥರ, ನೇರವಾಗಿ ಹೇಳಿದ್ರೆ ಒಂದೂ ಕೇಳಿಸಲ್ಲ.”

ಹಾಜರಿ ಪುಸ್ತಕದಲ್ಲಿ ಇವರು ‘ಕಂಪ್ಯೂಟರ್ ಕೋಣೆಯ ಸಹಾಯಕಿ, ತಾತ್ಕಾಲಿಕ’. ಮಕ್ಕಳ ಬಾಯಲ್ಲಿ ಚಾರ್ಜರ್ ಅಕ್ಕ. ಈಗ ಮೇಷ್ಟ್ರುಗಳೂ ಹಾಗೇ ಕರೆಯುತ್ತಾರೆ. ಮನೆಯಲ್ಲಿ ಮಾತ್ರ ಅತ್ತೆಗೆ ಈ ಹೆಸರು ಕೇಳಿದರೆ ಉರಿ. “ಮನೆ ಫೋನು ಸತ್ತು ಬಿದ್ದಿದ್ರೂ ನೋಡಲ್ಲ, ಊರವರದಕ್ಕೆಲ್ಲ ಇವಳೇ ಚಾರ್ಜು,” ಎಂದು ಅವರು ಗೊಣಗುವುದುಂಟಂತೆ. ಹಾಗೆ ಗೊಣಗುತ್ತಲೇ ಐದು ಗಂಟೆಗೆ ಎದ್ದು ಸೊಸೆಗೆ ಚಹಾ ಮಾಡಿಕೊಡುವವರೂ ಅವರೇ.

ನಾನು ಇಲ್ಲಿಗೆ ಬಂದದ್ದು ಚಾರ್ಜು ನೋಡಲಿಕ್ಕಲ್ಲ. ಉತ್ತರ ಗೊತ್ತಿರುವ ಮಕ್ಕಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರುವ ಶಾಲೆಯೊಂದಿದೆ ಎಂದು ಪರಿಚಯದವರೊಬ್ಬರು ಹೇಳಿದ್ದರು. ಗೊತ್ತಿಲ್ಲದವರಿಗೆ ಶಿಕ್ಷೆ ಕೊಡುವುದನ್ನು ನಾನೂ ಅನುಭವಿಸಿದ್ದೇನೆ, ಬೇಕಾದಷ್ಟು. ಗೊತ್ತಿದ್ದವರಿಗೆ ಶಿಕ್ಷೆಯೇ? ಇದ್ಯಾವ ನ್ಯಾಯವಪ್ಪಾ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ತಡೆಯಲಾರದೆ ಬಂದುಬಿಟ್ಟೆ.

ಶಿಕ್ಷೆಯಲ್ಲ, ಅದು ಇಲ್ಲಿಯ ಪಾಠದ ಕ್ರಮ. ಐದು, ಆರು, ಏಳನೇ ತರಗತಿ ಸೇರಿ ನೂರಿಪ್ಪತ್ನಾಲ್ಕು ಮಕ್ಕಳು. ದಾನಿಗಳಿಂದ ಬಂದದ್ದು ಇಪ್ಪತ್ತು ಟ್ಯಾಬ್. ಒಂಬತ್ತು ಕೆಟ್ಟಿವೆ. ಕೆಟ್ಟವುಗಳ ಗಾಜು, ಗುಂಡಿ ಬಿಚ್ಚಿ ಉಳಿದವಕ್ಕೆ ಹಾಕುವುದನ್ನು ಅಕ್ಕ ಬೀದಿಕೊನೆಯ ಮೊಬೈಲ್ ರಿಪೇರಿಯವನ ಪಕ್ಕ ಕೂತು ಕಲಿತಿದ್ದಾರೆ. ತರಗತಿಗಳು ಸರದಿಯಲ್ಲಿ ಬರುತ್ತವೆ, ದಿನಕ್ಕೆ ಆರು ಪೀರಿಯಡ್. ಮೇಜಿಗೊಂದು ಟ್ಯಾಬ್, ಟ್ಯಾಬಿಗೆ ನಾಲ್ಕು ಜನ. ಎಲ್ಲ ಟ್ಯಾಬಿನಲ್ಲೂ ತೆರೆದಿರುವುದು ಒಂದೇ ಪುಟ. ಒಂದು ಮೇಜಿನವರು ಬರೆದದ್ದು ಉಳಿದ ಹತ್ತು ಮೇಜಿಗೂ ಆ ಕ್ಷಣವೇ ಕಾಣುತ್ತದೆ. ಮಕ್ಕಳು ಅದನ್ನು ‘ಎಲ್ಲರ ಹಾಳೆ’ ಎನ್ನುತ್ತಾರೆ. ಇನ್ನೊಬ್ಬರು ಬರೆದದ್ದರ ಪಕ್ಕ ಪ್ರಶ್ನೆ ಚಿಹ್ನೆ ಹಾಕಬಹುದು, ಅಳಿಸುವಂತಿಲ್ಲ.

ಲೆಕ್ಕ ಗೊತ್ತಿರುವವರು ಟ್ಯಾಬ್ ಮುಟ್ಟುವಂತಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ನಿಯಮ. ಅವರದು ಬಾಯಿ ಮಾತ್ರ, ಗೊತ್ತಿಲ್ಲದವರದು ಬೆರಳು. “ಮೊದಮೊದಲು ಏನಾಗ್ತಿತ್ತು ಅಂದ್ರೆ, ನಾಲ್ಕರಲ್ಲಿ ಜಾಣ ಯಾರೋ ಅವನು ಟ್ಯಾಬ್ ಕಿತ್ಕೊಂಡು ಟಕಟಕ ಅಂತ ಮುಗಿಸಿಬಿಡೋನು. ಉಳಿದ ಮೂರು ಫ್ಯಾನ್ ನೋಡ್ತಾ ಕೂತಿರೋವು. ಹಾಳೆ ತುಂಬಾ ಸರಿಯುತ್ತರ. ಮೇಷ್ಟ್ರಿಗೆ ಖುಷಿಯೋ ಖುಷಿ. ನಾನು ಮಾತ್ರ ಆ ಮೂವರನ್ನೇ ನೋಡ್ತಿದ್ದೆ,” ಎನ್ನುತ್ತಾರೆ ಅಕ್ಕ.

ಹಾಗೆ ನೋಡಲು ಕಾರಣವಿದೆ. ಇವರು ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದವರು. ಹತ್ತನೇ ತರಗತಿಯಲ್ಲಿ ಗಣಿತ ಕೈಕೊಟ್ಟಿತ್ತು, ಓದು ಅಲ್ಲಿಗೇ ನಿಂತಿತ್ತು. ಪರೀಕ್ಷೆ ಹತ್ತಿರ ಬಂದರೆ ಅಂಗಡಿ ಮುಂದೆ ಮಕ್ಕಳ ಸಾಲು. “ಒಬ್ಬಳ ನೋಟ್ಸು, ಅರವತ್ತು ಜೆರಾಕ್ಸು. ಒಂದ್ಸಲ ನೋಡ್ತೀನಿ, ಆ ಹುಡುಗಿ ಒಂದು ಕಡೆ ಗುಣಿಸೋ ಬದಲು ಕೂಡಿಬಿಟ್ಟಿದಾಳೆ. ನನ್ನಂಥೋಳಿಗೇ ಕಾಣಿಸ್ತು ಅಂದ್ಮೇಲೆ! ಅರವತ್ತು ಜನದಲ್ಲಿ ಒಬ್ಬರೂ ಕೇಳ್ಲಿಲ್ಲ. ಎಲ್ಲಾ ಅದನ್ನೇ ಬರೆದು ಬಂದ್ರಂತೆ.” ಹೇಳುತ್ತಾ ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ, “ಪಾಪ ಕಣ್ರೀ. ಕೇಳೋಕೆ ನಾಚಿಕೆ. ನಾನೂ ಹಾಗೇ ಇದ್ದೆ,” ಎನ್ನುತ್ತಾರೆ.

ಗಣಿತದ ಮೇಷ್ಟ್ರು ಮೊದಲಿಗೆ ಅಕ್ಕ ತಂದ ಈ ನಿಯಮಕ್ಕೆ ಮೂಗು ಮುರಿದಿದ್ದರು. ಅದನ್ನು ಅವರೇ ಒಪ್ಪಿಕೊಳ್ಳುತ್ತಾರೆ. “ಟ್ಯಾಬ್ ಕೊಡೋದು ನಿಮ್ಮ ಕೆಲಸ, ಪಾಠ ನನ್ನದು ಅಂದುಬಿಟ್ಟಿದ್ದೆ. ಒಂದು ವಾರ ನೋಡಿ ಸರ್ ಅಂತ ಬೆನ್ನು ಬಿದ್ದರು. ಆ ವಾರ ತರಗತಿಯಲ್ಲಿ ಸಂತೆ ಗದ್ದಲ. ಮುಂದಿನ ವಾರ ನನ್ನ ಕ್ಲಾಸಿನ ಜಾಣ ಹುಡುಗ ಬಂದು, ಸರ್, ನನಗೆ ಮಾಡೋಕೆ ಬರುತ್ತೆ, ಹೇಳೋಕೆ ಬರ್ತಿಲ್ಲ, ಅಂದರೆ ಗೊತ್ತಿಲ್ಲ ಅಂತಾನಾ, ಅಂದ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.” ಈಗ ಮೇಷ್ಟ್ರು ತಮ್ಮ ಫೋನಿನಲ್ಲಿ ಎಲ್ಲರ ಹಾಳೆ ನೋಡುತ್ತಾ, ಯಾವ ಮೇಜು ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿದು, ಅದನ್ನು ಬಿಡಿಸಿಕೊಂಡ ಇನ್ನೊಂದು ಮೇಜಿನಿಂದ ಒಬ್ಬರನ್ನು ಅಲ್ಲಿಗೆ ಕಳಿಸುತ್ತಾರೆ. ಹಾಗೆ ಹೋದವರೂ ಕೈ ಹಿಂದೆ ಕಟ್ಟಿಕೊಂಡೇ ಹೋಗಬೇಕು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಎರಡು ತಿಂಗಳ ಹಿಂದೆ ಎಡವಟ್ಟಾಯಿತು. ಮೇಲಿನ ಕಚೇರಿಯಿಂದ ಹೆಡ್‌ಮಿಸ್‌ಗೆ ಒಂದು ಅಭಿನಂದನೆಯ ಪತ್ರ ಬಂತು. ನಿಮ್ಮ ಶಾಲೆಯ ಇಂಥ ವಿದ್ಯಾರ್ಥಿನಿ ವರ್ಷವಿಡೀ ಒಂದು ದಿನವೂ ತಪ್ಪಿಸದೆ ಟ್ಯಾಬಿನಲ್ಲಿ ಕಲಿತಿದ್ದಾಳೆ, ಮೂರು ತರಗತಿಗಳ ಪಾಠವನ್ನು ಒಟ್ಟಿಗೇ ಮುಗಿಸಿದ್ದಾಳೆ, ಬಹುಮಾನಕ್ಕೆ ಕರೆತನ್ನಿ ಎಂದು. ಹೆಡ್‌ಮಿಸ್ ಹೆಸರು ಓದಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆ ಹುಡುಗಿ ಶಾಲೆ ಬಿಟ್ಟು, ಅಪ್ಪನಿಗೆ ವರ್ಗವಾಗಿ ಬೇರೆ ಊರಿಗೆ ಹೋಗಿ, ಎಂಟು ತಿಂಗಳಾಗಿತ್ತು.

ಆದದ್ದು ಇಷ್ಟೇ. ಪ್ರತಿ ತರಗತಿಗೂ ಮಕ್ಕಳ ಹೆಸರು, ಪಾಸ್‌ವರ್ಡ್ ಹಾಕಿ ಟ್ಯಾಬ್ ತೆರೆಯಬೇಕು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಏಳು ನಿಮಿಷ ಅದಕ್ಕೇ ಹೋಗುತ್ತಿತ್ತು. ಅಕ್ಕ ಒಮ್ಮೆ ತೆರೆದದ್ದನ್ನು ಮುಚ್ಚುವುದನ್ನೇ ಬಿಟ್ಟರು. ಹೀಗಾಗಿ ಯಂತ್ರದ ಪಾಲಿಗೆ ಈ ಶಾಲೆಯಲ್ಲಿ ಕಲಿಯುತ್ತಿರುವವರು ಹನ್ನೊಂದೇ ಮಂದಿ. ಏಳನೇ ನಂಬರ್ ಟ್ಯಾಬಿನಲ್ಲಿ, ಊರು ಬಿಟ್ಟ ಹುಡುಗಿ ಹಗಲೆಲ್ಲ ಓದುತ್ತಲೇ ಇದ್ದಳು. ನನಗೆ ಇದನ್ನು ಹೇಳುವಾಗ ಹೆಡ್‌ಮಿಸ್‌ಗೆ ನಗು ತಡೆಯಲಾಗಲಿಲ್ಲ. ಆಗ ಮಾತ್ರ ಯಾರಿಗೂ ನಗು ಬಂದಿರಲಿಲ್ಲ. ಆ ಹುಡುಗಿ ಈಗ ಶಾಲೆಯಲ್ಲಿಲ್ಲ ಎಂದು ಹೆಡ್‌ಮಿಸ್ ಬರೆದದ್ದಕ್ಕೆ ತಿರುಗಿ ಬಂದ ಪತ್ರದಲ್ಲಿ, ನೂರಿಪ್ಪತ್ನಾಲ್ಕರಲ್ಲಿ ನೂರಹದಿನಾಲ್ಕು ಮಕ್ಕಳ ಕಲಿಕೆ ಸೊನ್ನೆಯೆಂದೂ, ಟ್ಯಾಬ್‌ಗಳನ್ನು ಚೆನ್ನಾಗಿ ಬಳಸುವ ಬೇರೆ ಶಾಲೆಗೆ ಸಾಗಿಸಬೇಕೆಂದೂ, ಸಹಾಯಕಿಯ ಹುದ್ದೆ ಮುಂದುವರಿಸುವ ಅಗತ್ಯವಿಲ್ಲವೆಂದೂ ಬರೆದಿತ್ತು. ಅದಕ್ಕೆ ಮೊದಲು ಒಂದು ಪರಿಶೀಲನೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಅಲ್ಲವೇ? ಹಾಗೆಂದು ನಾನು ಅಕ್ಕನ ಪರ ವಹಿಸಲು ಹೋದರೆ ಅವರು ಒಪ್ಪುವುದಿಲ್ಲ. “ಇಲ್ಲ, ತಪ್ಪು ನಂದೇ. ಏಳು ನಿಮಿಷ ಉಳಿಸೋಕೆ ಹೋಗಿ ಮಕ್ಕಳ ಹೆಸರೇ ಕಳೆದೆ. ಕೆಲಸ ಹೋಗುತ್ತೆ ಅನ್ನೋ ಭಯ ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ನಮ್ಮ ಮನೆಯವರಿಗೆ ಬಸ್ ಗ್ಯಾರೇಜಲ್ಲಿ ಕೆಲಸ, ಅದೂ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಆದ್ರೆ ಆ ಸೊನ್ನೆ ನೋಡಿದಾಗ ಆದ ಸಂಕಟ ಬೇರೆ. ಬಾಯಿ ಬಿಡದ ಮಕ್ಕಳು ಎಷ್ಟು ಕಷ್ಟಪಟ್ಟು ಬಾಯಿ ಬಿಟ್ಟಿದ್ವು. ಯಂತ್ರ ಬೆರಳು ಎಣಿಸುತ್ತೆ, ಬಾಯಿ ಎಣಿಸಲ್ಲ.”

ಪರಿಶೀಲನೆಗೆ ಬಂದ ಅಧಿಕಾರಿ ಮಿತಭಾಷಿ. ಅವರ ಮುಂದೆ ಅಕ್ಕ ಮೊದಲೇ ಎಲ್ಲವನ್ನೂ ಒಪ್ಪಿಕೊಂಡುಬಿಟ್ಟರು. ಸುಮ್ಮನಿದ್ದಿದ್ದರೆ ಯಂತ್ರದ ದೋಷವೆಂದು ದಾಟಿಸಬಹುದಿತ್ತು, ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡರು ಎಂದು ಹೆಡ್‌ಮಿಸ್‌ಗೆ ಈಗಲೂ ಸಿಟ್ಟಿದೆ. ಅಧಿಕಾರಿ ಕೇಳಿದ್ದು ಒಂದೇ ಮಾತು: “ಮೂರು ಮಕ್ಕಳು ಸುಮ್ಮನೆ ನೋಡ್ತಾ ಕೂತಿರಲ್ಲ ಅಂತ ನಾನು ಹೇಗೆ ನಂಬಲಿ?” ಅಕ್ಕ, “ಸೊನ್ನೆ ಇರೋರನ್ನೇ ಯಾರನ್ನಾದರೂ ಕರೆಯಿರಿ ಮೇಡಂ,” ಎಂದರು. ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ ಕರೆದದ್ದು ಏಳನೇ ತರಗತಿಯ ಮೂಲೆ ಮೇಜಿನ ಹುಡುಗಿಯನ್ನು. ಹಾಜರಿ ಕೂಗಿದರೂ ತುಟಿ ಮಾತ್ರ ಅಲುಗಿಸುವ ಹುಡುಗಿ.

ಮುಂದಿನದನ್ನು ಮೇಷ್ಟ್ರು ನನಗೆ ಅಭಿನಯಿಸಿಯೇ ತೋರಿಸಿದರು. ಅಧಿಕಾರಿ ಹಾಳೆಯ ಮೇಲೆ ಮೂರನೇ ಎರಡು ಕೂಡಿಸು ನಾಲ್ಕನೇ ಒಂದು ಎಂದು ಬರೆದು ಪೆನ್ನು ಮುಂದೆ ಹಿಡಿದರು. ಹುಡುಗಿ ತೆಗೆದುಕೊಳ್ಳಲಿಲ್ಲ. ಕೈ ಎರಡೂ ಬೆನ್ನ ಹಿಂದೆ ಹೋದವು.

“ನೀವೇ ಬರೀರಿ ಮಿಸ್. ನನಗೆ ಗೊತ್ತು, ಅದಕ್ಕೆ ನಾನು ಮುಟ್ಟಬಾರದು.”

ಅಧಿಕಾರಿ ಅವಳನ್ನೊಮ್ಮೆ ನೋಡಿ, ಬೇಕೆಂದೇ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ ಏಳನೇ ಮೂರು ಎಂದು ಬರೆದರು. ಹುಡುಗಿ ತಪ್ಪು ಎನ್ನಲಿಲ್ಲ. ಮೆಲ್ಲಗೆ ಕೇಳಿದಳು: “ಮೂರು ಪಾಲಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ ಮಿಸ್?”

“ಜಾಸ್ತಿ.”

“ನೀವು ಬರೆದಿರೋ ಉತ್ತರ, ಏಳು ಪಾಲಲ್ಲಿ ಮೂರು?”

“ಅರ್ಧಕ್ಕಿಂತ ಕಮ್ಮಿ.”

“ಜಾಸ್ತಿ ಇರೋದಕ್ಕೆ ಇನ್ನೊಂದಿಷ್ಟು ಸೇರಿಸಿದ್ವಿ. ಕಮ್ಮಿ ಹೇಗಾಯ್ತು?”

ಹುಡುಗಿ ಒಂದೊಂದೇ ಹೆಜ್ಜೆ ಹೇಳುತ್ತಾ ಹೋದಳು, ಅಧಿಕಾರಿ ಬರೆಯುತ್ತಾ ಹೋದರು, ಹನ್ನೆರಡನೇ ಹನ್ನೊಂದು ಬರುವವರೆಗೆ. ನಡುವೆ ಒಂದು ಕಡೆ ಅವರು ನಿಜವಾಗಿಯೇ ತಪ್ಪಿದರೆಂದು ಮೇಷ್ಟ್ರ ಗುಮಾನಿ. ಅಕ್ಕ ಆ ಹೊತ್ತಿಗೆ ಬೀರುವಿನ ಬಾಗಿಲ ಹಿಂದೆ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಯಾಕೆ ಅತ್ತಿರಿ ಎಂದು ಕೇಳಿದರೆ, “ಅಳ್ಲಿಲ್ಲ, ಧೂಳು,” ಎನ್ನುತ್ತಾರೆ. ಆ ಬೀರುವಿನಲ್ಲಿ ಧೂಳಿರುವುದು ಸಾಧ್ಯವಿಲ್ಲ, ದಿನಕ್ಕೆ ಎರಡು ಸಲ ಒರೆಸುತ್ತಾರೆ.

ಅಧಿಕಾರಿ ಹೊರಡುವ ಮುನ್ನ ಮಾಡಿದ ಕೆಲಸ ಇನ್ನೂ ಸ್ವಾರಸ್ಯದ್ದು. ಟ್ಯಾಬಿನೊಳಗೆ ಅಲ್ಲಿ ಇಲ್ಲಿ ಒತ್ತಿ ನೋಡುತ್ತಾ ‘ಗುಂಪು’ ಎಂಬ ಒಂದು ಚೌಕವನ್ನು ಹುಡುಕಿದರು. ಅದನ್ನು ಒತ್ತಿದರೆ ಮಕ್ಕಳ ಫೋಟೊಗಳು ಬರುತ್ತವೆ. ಕೂತ ನಾಲ್ವರ ಮುಖ ಮುಟ್ಟಿದರೆ ಸಾಕು, ಪಾಸ್‌ವರ್ಡ್ ಬೇಡ, ನಾಲ್ವರ ಹೆಸರಿನಲ್ಲೂ ಪಾಠ ದಾಖಲಾಗುತ್ತದೆ. ಮೂರು ವರ್ಷದಿಂದ ಅದು ಅಲ್ಲೇ ಇತ್ತು. ಶಾಲೆಯವರಿಗೂ ಗೊತ್ತಿರಲಿಲ್ಲ, ಕೊಟ್ಟ ಕಚೇರಿಯವರಿಗೂ ಗೊತ್ತಿರಲಿಲ್ಲ. ನೂರಿಪ್ಪತ್ನಾಲ್ಕು ಮುಖಗಳ ಫೋಟೊ ತೆಗೆದು ಹಾಕಲು ಅಕ್ಕನಿಗೆ ನಾಲ್ಕು ದಿನ ಹಿಡಿಯಿತು. ಹಲ್ಲು ಬಿದ್ದಿದೆ, ಇವತ್ತು ಬೇಡ ಎಂದು ಓಡಿಹೋದವರೇ ಆರು ಜನ.

ಇದು ಆಗಿ ಒಂದು ತಿಂಗಳು. ಟ್ಯಾಬ್ ಉಳಿಯುತ್ತದೆಯೋ, ಅಕ್ಕ ಉಳಿಯುತ್ತಾರೋ, ಉತ್ತರಕ್ಕಾಗಿ ಎಲ್ಲರೂ ಕಾಯುತ್ತಿದ್ದರು. ನಾನು ಎರಡನೇ ಸಲ ಹೋದ ದಿನವೇ ಪತ್ರ ಬಂದದ್ದು ನನ್ನ ಅದೃಷ್ಟ. ಮಧ್ಯಾಹ್ನದ ಬಿಡುವಿನಲ್ಲಿ ಹೆಡ್‌ಮಿಸ್ ಅದನ್ನು ಹಿಡಿದು ತಾವೇ ಮೆಟ್ಟಿಲು ಹತ್ತಿ ಬರುತ್ತಾರೆ. ಟ್ಯಾಬ್‌ಗಳನ್ನು ಇಲ್ಲಿಯೇ ಮುಂದುವರಿಸುವುದು ಎಂದು ಓದುತ್ತಾರೆ. ಅಕ್ಕ ಒರೆಸುತ್ತಿದ್ದ ಟ್ಯಾಬ್ ಕೆಳಗಿಡುತ್ತಾರೆ. ಹೆಡ್‌ಮಿಸ್ ಹಾಳೆ ತಿರುವಿ ಹಿಂದೆ ನೋಡುತ್ತಾರೆ, ಮತ್ತೆ ಮುಂದೆ ನೋಡುತ್ತಾರೆ. ಸಹಾಯಕಿಯ ಹುದ್ದೆಯ ಬಗ್ಗೆ ಒಂದಕ್ಷರವೂ ಇಲ್ಲ. ಇರಲಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ. “ನಾನು ಫೋನ್ ಮಾಡಿ ಕೇಳ್ತೀನಿ ಕಣಮ್ಮ, ಬಿಡಲ್ಲ,” ಎಂದು ಹೆಡ್‌ಮಿಸ್ ದುಮುಗುಟ್ಟುತ್ತಾ ಇಳಿದು ಹೋಗುತ್ತಾರೆ.

ಅಕ್ಕ ಪತ್ರದ ಜೊತೆ ಬಂದ ಮಕ್ಕಳ ಕಲಿಕೆಯ ಪಟ್ಟಿಯನ್ನು ಕಿಟಕಿ ಹತ್ತಿರ ಒಯ್ದು, ಬೆರಳಿಟ್ಟು, ಮೇಲಿನಿಂದ ಕೆಳಗೆ ನಿಧಾನವಾಗಿ ಓದುತ್ತಿದ್ದಾರೆ. ಮೂರು ಹಾಳೆ ಮುಗಿಯಲು ಹತ್ತು ನಿಮಿಷವಾದರೂ ಆಗುತ್ತದೆ. ಕೊನೆಯ ಹೆಸರಿಗೆ ಬಂದು ತಲೆಯೆತ್ತಿದಾಗ ನಾನು ಕೇಳಿಯೇಬಿಡುತ್ತೇನೆ, ನಿಮ್ಮ ಹೆಸರೇ ಬಿಟ್ಟಿದ್ದಾರಲ್ಲ, ಬೇಜಾರಾಗಲಿಲ್ಲವೇ?

“ಆಯ್ತು. ಯಾಕೆ ಆಗಲ್ಲ?” ಎನ್ನುತ್ತಾರೆ. ಆಮೇಲೆ ಪಟ್ಟಿಯನ್ನು ನನ್ನ ಕೈಗೆ ಕೊಡುತ್ತಾರೆ. “ಆದ್ರೆ ನೋಡಿ, ನೂರಿಪ್ಪತ್ನಾಲ್ಕೂ ಇದಾರೆ. ಒಬ್ಬರ ಮುಂದೂ ಸೊನ್ನೆ ಇಲ್ಲ.”