ಏಳನೇ ನಂಬರಿನ ವಿಡಿಯೋ

ಬೇಬಿಯ ಹತ್ತಿರ ಮೀನಿಗೆ ಚೌಕಾಶಿ ಮಾಡಿ ಗೆದ್ದವರು ಕಾಜುಬಾಗದ ಮನೆಗಳಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಬೈತಖೋಲ ಬಂದರಿನಲ್ಲಿ ಬಂಗಡೆ ಕೊಂಡು, ಬುಟ್ಟಿ ತಲೆಗೇರಿಸಿ ಹೊರಟರೆ ಹದಿನಾಲ್ಕು ಮನೆ, ಹದಿನಾಲ್ಕು ಜಗಳ. ಹನ್ನೊಂದು ಗಂಟೆಗೆ ಬುಟ್ಟಿ ಖಾಲಿ. ಹುಟ್ಟಿದ್ದು ಅಂಕೋಲೆ ಕಡೆಯ ಹಾರವಾಡದಲ್ಲಿ, ಕೊಟ್ಟದ್ದು ಮಾಜಾಳಿಗೆ. ಅದರಾಚೆಗಿನ ಲೋಕ ನೋಡುವ ಕೆಲಸವನ್ನು ಗಂಡನಿಗೆ ಬಿಟ್ಟುಕೊಟ್ಟಿದ್ದಳು.

ಗಂಡ ದತ್ತಾ ಸರಕಿನ ಹಡಗಿನಲ್ಲಿ ಅಡುಗೆಯವ. ಒಂಬತ್ತು ತಿಂಗಳು ನೀರು, ಮೂರು ತಿಂಗಳು ಮನೆ. ಮನೆಯಲ್ಲಿದ್ದಷ್ಟು ದಿನ ಅವನ ಬಾಯಿಗೆ ಬಿಡುವಿಲ್ಲ. ಬೇಬಿ ಮೀನು ಕೊಯ್ಯುತ್ತಿದ್ದರೆ ಎದುರಿಗೆ ಮಣೆ ಹಾಕಿ ಕೂತು ಕಂಡ ಊರುಗಳನ್ನೆಲ್ಲ ಹೇಳುತ್ತಿದ್ದ. ಅರ್ಧಕ್ಕರ್ಧ ಬುರುಡೆ ಎಂದು ಗೊತ್ತಿದ್ದೂ ಅವಳು ಹೂಂಗುಟ್ಟುತ್ತಿದ್ದಳು. ಅವಳ ಸುಖವೆಂದರೆ ಅಷ್ಟೇ ಇತ್ತು. ಅದಕ್ಕಿಂತ ದೊಡ್ಡದನ್ನು ಅವಳು ಕೇಳಿದವಳೂ ಅಲ್ಲ.

ಕಳೆದ ವರ್ಷ ಅವನ ಹಡಗು ಗೋಧಿ ತುಂಬಲು ಫ್ರಾನ್ಸಿನ ನಾರ್ಮಂಡಿ ಸೀಮೆಯ ರೂಆನ್ ಎಂಬ ನದಿದಂಡೆಯ ಹಳೇ ಪಟ್ಟಣಕ್ಕೆ ಹೋಗಿತ್ತು. ಮಳೆ ಬಂದರೆ ಗೋಧಿ ತುಂಬುವಂತಿಲ್ಲ. ಹಡಗು ಸುಮ್ಮನೆ ನಿಂತಿತು, ದತ್ತಾನಿಗೆ ಒಂದು ದಿನ ರಜೆ ಸಿಕ್ಕಿತು. ಪೇಟೆಯಲ್ಲಿ ಪ್ರವಾಸಿಗರಿಗೆ ಒಂದು ಪುಕ್ಕಟೆ ನಕ್ಷೆ ಕೊಟ್ಟರು. ನೋಡುವ ಜಾಗಗಳಿಗೆ ಒಂದರಿಂದ ಹನ್ನೊಂದರವರೆಗೆ ನಂಬರು ಹಾಕಿದ್ದರು; ನಂಬರು ಹಿಡಿದು ನಡೆದರಾಯಿತು, ತೋರಿಸಲು ಇನ್ನೊಬ್ಬ ಬೇಡ. ದತ್ತಾ ಯಾರದೋ ಕೊಡೆ ಹಿಡಿದು ಹನ್ನೊಂದನ್ನೂ ನಡೆದ. ಒಂದೊಂದು ಕಡೆಯೂ ನಿಂತು ವಿಡಿಯೋ ಮಾಡಿ, ಅದರಲ್ಲೇ ಮಾತಾಡಿ, ಬೇಬಿಯ ವಾಟ್ಸಾಪಿಗೆ ಕಳಿಸಿದ.

ಅವಳು ಮೊದಲನೆಯ ಚರ್ಚಿನ ವಿಡಿಯೋ ಮಾತ್ರ ಒತ್ತಿ ನೋಡಿದಳು. "ಹೋಯ್ ಬೇಬಿ, ಇದು ದೊಡ್ಡ ಇಗರ್ಜಿ. ಎಷ್ಟ್ ಎತ್ರ ಅಂತಿ! ನೋಡಿ ನೋಡಿ ಕುತ್ಗೆ ನೋಯ್ತು. ಈಗ ಎಡಕ್ಕೆ ತಿರುಗ್ತೆ, ನೀನೂ ಬಾ ನನ್ ಸಂಗ್ತಿಗೆ. ನಿಧಾನ ಬಾ, ಕಲ್ಲು ಜಾರ್ತದೆ."

ಬೇಬಿ ನಕ್ಕು ಫೋನಿಗೆ ಬಾಯಿಟ್ಟು ಹೇಳಿದಳು: "ಎಲ್ಲಾ ಈಗ್ಲೇ ನೋಡಿರೆ ನೀವು ಬಂದ್ಮೇಲೆ ಎಂತಾ ಹೇಳೂದು? ಉಳ್ದದ್ದು ಮಣೆ ಮೇಲೆ ಕೂತ್ಕಂಡು ಹೇಳಿ." ಅವನು ಬರಲು ಎರಡೇ ತಿಂಗಳಿತ್ತು.

ನಾಲ್ಕನೇ ದಿನ, ಇನ್ನೂ ಅಲ್ಲೇ ನಿಂತಿದ್ದ ಹಡಗಿನಿಂದ ಇಳಿಯುವ ಏಣಿಯಲ್ಲಿ ದತ್ತಾನ ಕಾಲು ಜಾರಿತು. ಹಡಗಿಗೂ ದಂಡೆಯ ಧಕ್ಕೆಗೂ ನಡುವೆ ನದಿಗೆ ಬಿದ್ದ. ಫೋನು ಕಿಸೆಯಲ್ಲಿತ್ತು, ಅದು ತಳ ಕಂಡಿತು. ಅವನು ಮಾತ್ರ ಸಿಕ್ಕಿದ, ಹೆಣವಾಗಿ. ಅವನನ್ನು ಗೋವಾಕ್ಕೆ ತಂದು ಮಾಜಾಳಿಗೆ ಮುಟ್ಟಿಸಲು ಹತ್ತೊಂಬತ್ತು ದಿನ ಹಿಡಿಯಿತು.

ಆ ಹತ್ತೊಂಬತ್ತು ದಿನದಲ್ಲಿ ಬೇಬಿ ಎಷ್ಟು ಸಲ ಫೋನು ಕೈಗೆತ್ತಿಕೊಂಡಳೋ ಲೆಕ್ಕವಿಲ್ಲ. ಅತ್ತೆ ನಾಗಮ್ಮ ಬಿಡಲಿಲ್ಲ. "ಬ್ಯಾಡ ಮಗಾ. ನೀರಲ್ಲಿ ಹೋದವ್ನ ದನಿ, ಹನ್ನೆರಡ್ನೇ ದಿವ್ಸದ ಕಾರ್ಯ ಆಗೂವರೆಗೆ ಕೇಳೂಕಾಗ. ನಮ್ ಮನೇಲಿ ಯಾರೂ ಕೇಳೂದಿಲ್ಲ. ಕೇಳಿರೆ ಅವ ಹಿಂದೆ ತಿರುಗಿ ನೋಡ್ತ, ದಾರಿ ತಪ್ತ." ಮಗನನ್ನು ಕಳೆದುಕೊಂಡ ಮುದುಕಿಯ ಮಾತು. ಬೇಬಿಗೂ ಅವನು ದಾರಿ ತಪ್ಪುವುದು ಬೇಕಿರಲಿಲ್ಲ. ಹನ್ನೊಂದರಲ್ಲಿ ಹತ್ತು ಹಾಗೇ ಇದ್ದಾವಲ್ಲ, ಎಲ್ಲಿಗೆ ಓಡಿಹೋಗುತ್ತವೆ ಎಂದುಕೊಂಡಳು.

ಅವನನ್ನು ಸುಟ್ಟು ಹನ್ನೆರಡನೇ ದಿನದ ಬೊಜ್ಜ ಮುಗಿದ ಮರುದಿನ ಬೆಳಿಗ್ಗೆ ನಾಗಮ್ಮನೇ ಬಂದು ಪಕ್ಕದಲ್ಲಿ ಕೂತಳು. "ಹಾಕು, ನಾನೂ ಕೇಳ್ತೆ."

ಬೇಬಿ ಎರಡನೆಯದನ್ನು ಒತ್ತಿದಳು. ಚಕ್ರ ತಿರುಗಿತು, ನಿಂತಿತು, ಏನೋ ಬರಹ ಬಂತು. ಮೂರನೆಯದು, ನಾಲ್ಕನೆಯದು, ಎಲ್ಲದಕ್ಕೂ ಅದೇ. ಕಾಲೇಜಿಗೆ ಹೋಗುವ ಮಗಳು ಮಾನಸಾ ಫೋನು ತೆಗೆದುಕೊಂಡು ಓದಿದಳು.

"ಎಂತಾ ಬರದದೆ, ಹೇಳೆ," ಎಂದಳು ಬೇಬಿ.

"ವಿಡಿಯೋ ಸಿಗೂದಿಲ್ಲ ಅಂತೆ, ಆಯಿ. ಕಳ್ಸಿದವ್ರಿಗೆ ಮತ್ತೆ ಕಳ್ಸೂಕೆ ಹೇಳಿ ಅಂತದೆ."

ಮೊಬೈಲ್ ಅಂಗಡಿಯ ಗುರುಪ್ರಸಾದ ಫೋನನ್ನು ಅತ್ತಿತ್ತ ತಿರುಗಿಸಿ ತಲೆಯಾಡಿಸಿದ. "ತಿಂಗ್ಳು ದಾಟಿರೆ ಅಳ್ಸಿ ಹೋತದೆ ಬೇಬಕ್ಕಾ. ಅವ್ರ ಫೋನಲ್ಲಿ ಇದ್ರೆ ಮಾತ್ರ." ಮನೆಗೆ ಬಂದು ಹೇಳಿದಾಗ ನಾಗಮ್ಮ ತಲೆ ಚಚ್ಚಿಕೊಂಡಳು. ಬೇಬಿ ಅವಳ ಎರಡೂ ಕೈ ಹಿಡಿದು ಕೂತಳು. ಬೈಯಲು ಬಾಯಿ ಬರಲಿಲ್ಲ, ಸಮಾಧಾನ ಹೇಳಲು ಮನಸ್ಸು ಬರಲಿಲ್ಲ.

ಹಡಗಿನಿಂದ ಬಂದ ಚೀಲದಲ್ಲಿ ಆ ನಕ್ಷೆ ಇತ್ತು. ಪ್ರತಿ ನಂಬರಿನ ಪಕ್ಕ ದತ್ತಾ ಪೆನ್ಸಿಲಿನಲ್ಲಿ ಏನಾದರೂ ಗೀಚಿದ್ದ. ಎರಡು, ಬೀದಿಗೆ ಅಡ್ಡ ನಿಂತ ಕಮಾನಿನ ಮೇಲೆ ದೊಡ್ಡ ಗಡಿಯಾರ: 'ಒಂದೇ ಮುಳ್ಳು!' ಐದು, ಹಳೇ ಪೇಟೆ: 'ಕೈಗೆ ಚೀಲ ಹಾಕ್ಕಂಡು ಮೀನು ಮಾರ್ತರು.' ಇವನ್ನು ಅವನು ಹೇಗೆ ಹೇಳಿದ್ದಾನೆಂದು ಬೇಬಿ ಊಹಿಸಬಲ್ಲಳು; ಎಲ್ಲಿ ನಕ್ಕ, ಎಲ್ಲಿ ಬುರುಡೆ ಬಿಟ್ಟ ಎಂಬುದೂ ಗೊತ್ತು. ಆದರೆ ಏಳು? ಸುತ್ತ ಮರದ ಮನೆ, ನಡುವೆ ಅಂಗಳ, ಹಿಂದೊಮ್ಮೆ ಹೆಣ ಹುಗಿಯುತ್ತಿದ್ದ ಜಾಗ ಎಂದು ಮಾನಸಾ ಓದಿ ಹೇಳಿದಳು. ಪಕ್ಕದಲ್ಲಿ ಅವನ ಅಕ್ಷರ: 'ಹಾರವಾಡ ಬಾವಿ.'

ಹಾರವಾಡದ ಬಾವಿಯ ಹತ್ತಿರವೇ ದತ್ತಾ ಅವಳನ್ನು ಮೊದಲು ನೋಡಿದ್ದು. ನೀರು ಕೇಳಿದ್ದ, ಅವಳು ಕೊಡಪಾನವನ್ನೇ ಬಗ್ಗಿಸಿ ಅಂಗಿಯೆಲ್ಲ ಒದ್ದೆ ಮಾಡಿದ್ದಳು. ಅಷ್ಟು ದೂರದಲ್ಲಿ, ಸುಡುಗಾಡಿನಂಥ ಜಾಗದಲ್ಲಿ ನಿಂತು ಅದು ಯಾಕೆ ನೆನಪಾಯಿತು? ಫೋನಿನಲ್ಲಿ ಆ ಏಳನೆಯದರ ಕಂದುಬಣ್ಣದ ಒಂದು ಮಸುಕು ಚಿತ್ರ ಮಾತ್ರ ಉಳಿದಿತ್ತು. ಅದನ್ನೇ ನೋಡಿ ನೋಡಿ ಅವಳ ಕಣ್ಣು ಸೋತವು.

ಮುಂದಿನ ತಿಂಗಳು ಮತ್ತೆ ಬುಟ್ಟಿ ಹೊತ್ತಳು. ನಕ್ಷೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹೋದಲ್ಲೆಲ್ಲ ಜನ ಹೇಳಿದ ದರಕ್ಕೆ ತಕರಾರಿಲ್ಲದೆ ಮೀನು ಕೊಂಡರು. ಏಳನೇ ಮನೆ ಸುನೀತಾಬಾಯಿಯದು, ಕಾಜುಬಾಗದಲ್ಲೇ ಜೋರು ಬಾಯಿ. ಅವಳೂ ತಲೆ ತಗ್ಗಿಸಿ ದುಡ್ಡು ಕೊಟ್ಟಳು.

"ಚೌಕಾಶಿ ಮಾಡಿ ಬಾಯೀ," ಎಂದಳು ಬೇಬಿ. "ನೀವಾದ್ರೂ ಮಾಡಿ." ಸುನೀತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಬೇಬಿ ಗೇಟಿನ ಹೊರಗೆ ಬುಟ್ಟಿ ಇಳಿಸಿದಳು. ಕೈಯನ್ನು ಸೀರೆಗೆ ಒರೆಸಿ ಫೋನು ತೆಗೆದಳು, ಕಳಿಸಿದವರಿಗೇ ಕೇಳಿ ಎಂದು ಅದು ಹೇಳಿದ ಹಾಗೇ ಮಾಡಿದಳು.

"ಹೋಯ್... ಎಲ್ಲಾ ಬ್ಯಾಡ. ಏಳ್ನೇದೊಂದು ಮತ್ತೆ ಕಳ್ಸಿ. ಈ ಸಲ ಕೂಡ್ಲೇ ಕೇಳ್ತೆ."

ಮಾತು ದತ್ತಾನ ನಂಬರಿಗೆ ಹೋಯಿತು. ಕೆಳಗೆ ಒಂದು ಟಿಕ್ಕು ಬಿತ್ತು. ಮುಟ್ಟಿತೆಂದು ಹೇಳುವ ಎರಡನೆಯದು ಬೀಳುತ್ತದೋ ಎಂದು ಅವಳು ಬಿಸಿಲಲ್ಲಿ ನಿಂತೇ ಇದ್ದಳು. ಬುಟ್ಟಿಯ ಮೇಲೆ ಕಾಗೆ ಕೂತದ್ದೂ ತಿಳಿಯಲಿಲ್ಲ.