ಮುಂದೆ ನಡೆಯುವವರಿಲ್ಲದೆ

ಯಜಮಾನರು ತೀರಿಕೊಂಡ ಮೇಲೆ ಬಂದ ಮೊದಲ ಚಳಿಗಾಲ. ಮಳೆಗಾಲವಿಡೀ ಹೊಸ್ತಿಲು ದಾಟದೆ ಕೂತಿದ್ದ ನನಗೆ ಮೊಣಕಾಲು ಹಿಡಿದುಕೊಳ್ಳತೊಡಗಿತ್ತು. "ನಡೀಲೇಬೇಕು ಕಣಮ್ಮ. ಹಿಂಗೇ ಕೂತ್ರೆ ಕೂತೇಬಿಡ್ತೀರ," ಎಂದರು ಡಾಕ್ಟರು.

ನನ್ನ ತಾಯಿ ಹಾಗೆ ಕೂತವಳು ಮತ್ತೆ ಏಳಲಿಲ್ಲ. ಬಚ್ಚಲಿಗೂ ನಾವೇ ಎತ್ತಿಕೊಂಡು ಹೋಗಬೇಕಾಗಿತ್ತು. ನನ್ನನ್ನು ಎತ್ತುವವರು ಯಾರು? ಆ ಯೋಚನೆ ಹೊಕ್ಕ ಮೇಲೆ ಮನೆಯೊಳಗೂ ಹೆದರಿಕೆಯಾಗತೊಡಗಿತು. ಒಂದು ಬೆಳಿಗ್ಗೆ ಶಾಲು ಹೊದ್ದು, ಸರಸ್ವತಿಪುರಂನ ಮನೆಗೆ ಬೀಗ ಹಾಕಿ, ಕೆರೆ ಕಡೆ ಹೊರಟೆ.

ಯಜಮಾನರೂ ನಾನೂ ಎಂದೂ ಪಕ್ಕಪಕ್ಕದಲ್ಲಿ ನಡೆದವರಲ್ಲ. ಅವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಮದುವೆಯಾದ ಹೊಸದರಲ್ಲಿ ಹಿರಿಯರೆದುರು ಹಾಗೆ ನಡೆದದ್ದು, ಆಮೇಲೆ ಬಿಡಲು ಬರಲಿಲ್ಲ. ಅವರ ಹಿಮ್ಮಡಿ ನೋಡಿಕೊಂಡು ಹೋದರೆ ಸಾಕಾಗಿತ್ತು. ಕಲ್ಲು, ಗುಂಡಿ, ನಾಯಿ ಎಲ್ಲ ಅವರ ಪಾಲು.

ಕೆರೆ ಏರಿಯ ಮೇಲೆ ದಟ್ಟ ಮಂಜು. ನೀರು ಯಾವ ಕಡೆ ಮುಗಿಯುತ್ತದೆಂದು ಕಾಣುತ್ತಿರಲಿಲ್ಲ. ಯಾವುದೋ ಹಕ್ಕಿ ಬಡಬಡನೆ ಮೇಲೆದ್ದಿತು. ಕಾಲು ಕಿತ್ತಿಡಲಾಗದೆ ನಿಂತುಬಿಟ್ಟೆ. ಆಗ ಮಂಕಿ ಟೋಪಿಯ ಒಬ್ಬರು ನನ್ನನ್ನು ದಾಟಿ ಹೋದರು. ಬೂದು ಸ್ವೆಟರು, ಕೈಯಲ್ಲಿ ಕೋಲು, ಹವಾಯಿ ಚಪ್ಪಲಿ, ಒಡೆದ ಹಿಮ್ಮಡಿ. ನನ್ನ ಕಾಲು ತಾನಾಗಿಯೇ ಹೊರಟಿತು.

ಎಷ್ಟು ದೂರ ಹೋದೆನೋ. ಅವರು ಬಿರುಸಾದರೆ ನಾನೂ ಬಿರುಸಾದೆ. ತಿರುಗಿದಲ್ಲಿ ತಿರುಗಿದೆ. ಇದ್ದಕ್ಕಿದ್ದಂತೆ ಅವರು ಹಿಂದಕ್ಕೆ ತಿರುಗಿ ಕೋಲು ಎತ್ತಿದರು.

"ಯಾರದು?"

ನಾನು ಮುಖದ ಮೇಲಿನ ಶಾಲು ಸರಿಸಿದೆ.

"ಅಯ್ಯೋ, ಎಂಗಸ್ರಾ? ಸರಗಳ್ಳ ಅಂದ್ಕೊಂಡ್ಬುಟ್ಟೆ ಕಣಮ್ಮ! ನನ್ ಕತ್ತಲ್ಲಿ ಮಫ್ಲರ್ ಬುಟ್ರೆ ಏನೈತೆ ಅಂತಾನೂ ತೋಚಲಿಲ್ಲ." ಅವರಿಗೂ ವಯಸ್ಸಾಗಿತ್ತು. ಕೋಲು ಇನ್ನೂ ಎತ್ತಿಯೇ ಇತ್ತು. "ಯಾಕಮ್ಮ ಹಿಂದಿಂದೇನೇ ಬತ್ತಿದ್ದೀರಿ?"

"ನಮ್ಮ ಯಜಮಾನ್ರು ಯಾವಾಗ್ಲೂ ಮುಂದೆ ಹೋಗ್ತಿದ್ರು," ಎಂದೆ. ಬೇರೇನೂ ಹೊಳೆಯಲಿಲ್ಲ.

ಅವರು ಕೋಲು ಇಳಿಸಿದರು. ಸುತ್ತ ನೋಡಿದೆ. ಏರಿಯೂ ಇಲ್ಲ, ಕೆರೆಯೂ ಇಲ್ಲ, ಬರೀ ಗುರುತಿಲ್ಲದ ಮರಗಳು. ಮನೆ ಸರಸ್ವತಿಪುರಂ ಎಂದೆ.

"ನಾನ್ ಕುಂಬಾರಕೊಪ್ಪಲು ಕಡೆ ಹೊಂಟೋನು. ನಡೀರಿ, ಏರಿ ತನ್ಕ ಬತ್ತೀನಿ."

ನಾನು ಅವರ ಹಿಂದೆ ಹೋಗಿ ನಿಂತೆ.

"ಊಹೂಂ, ನೀವ್ ಮುಂದ್ಕೆ ನಡೀರಮ್ಮ. ಹಿಂದೆ ಯಾರಾರ ಬಂದ್ರೆ ಇವತ್ತು ನಂಗೆ ಕಾಲೇ ಬರಾಕಿಲ್ಲ."

ಎದುರಿಗೆ ಹಿಮ್ಮಡಿಯಿಲ್ಲ, ಬರೀ ಬಿಳುಪು. ಗೋಡೆಗೆ ಹಾಯುತ್ತಿದ್ದೇನೆ ಎನ್ನಿಸುತ್ತಿತ್ತು. ಕೈ ಮುಂದೆ ಚಾಚಿಕೊಂಡೇ ನಡೆದೆ. ಹಿಂದೆ ಅವರು ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳುತ್ತಿದ್ದರು, ಚಪ್ಪಲಿಯ ಪಟಪಟ ಕೇಳುತ್ತಿತ್ತು. ಏರಿ ಸಿಕ್ಕ ಮೇಲೆ ಅದು ಯಾವಾಗ ನಿಂತಿತೋ ತಿಳಿಯದು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಮನೆ ಮುಟ್ಟಿ, ಬೀಗ ತೆಗೆದು ಒಳಗೆ ಹೋದೆ.

ಮರುದಿನವೂ ಹೋದೆ. ಹೆದರಿಕೆ ಹಾಗೆಯೇ ಇತ್ತು. ಏರಿಯ ಮೇಲೆ ಯಾರದೋ ಮಂಕಿ ಟೋಪಿ ನನ್ನನ್ನು ದಾಟಿತು. ಅದು ಮಂಜಿನಲ್ಲಿ ಮರೆಯಾಗುವವರೆಗೂ ಒಂದು ಮರ ಹಿಡಿದು ನಿಂತೆ. ಆಮೇಲೆ ಕಾಲು ತೆಗೆದಿಟ್ಟೆ.